ಐರ್ಲೆಂಡಿನ ಗಾಯಕಿಯರೂ ನಮ್ಮ ಶಾಲೆಯ ಕ್ರಿಸ್ಮಸ್ ಕೂಟವೂ

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಕೆಲವರು ನಮಗೊಂದು ಸಲಹೆಯನ್ನು ಬರೆದು ಕಳುಹಿಸಿರುತ್ತಾರೆ. ಐರ್ಲೆಂಡ್ ದೇಶದ ‘ಕೆಲ್ಟಿಕ್ ವುಮನ್’ ಎಂಬ ಗಾಯಕಿಯರ ಮೇಳದವರು ಕ್ರಿಸ್ಮಸ್ ಕಾಲದಲ್ಲಿ ಊರೂರು ಸಂಚರಿಸಿ ನಡೆಸುವ ಕಚೇರಿಯನ್ನು ಪರದೇಶದಲ್ಲಿ ನೆಲಸಿರುವ ಒಬ್ಬಿಬ್ಬರು ಪ್ರತ್ಯಕ್ಷವಾಗಿ ಕಂಡರಂತೆ; ಉಳಿದವರು ಮನೆಯಲ್ಲಿ ಕುಳಿತು ಚಿತ್ರದಲ್ಲಿ ನೋಡಿದರಂತೆ. ನಮ್ಮ ಶಾಲೆಯ ಕ್ರಿಸ್ಮಸ್ ಕೂಟವೂ ಅದೇ ಮಾದರಿಯಲ್ಲಿ ಏಕೆ ನಡೆಯಬಾರದು, ಕಂಠಶ್ರೀಯುಳ್ಳ ನಾಲ್ಕೈದು ಮಂದಿ ಬಾಲಿಕೆಯರನ್ನು ಆರಿಸಿ, ನೀಳವಾದ ನಿಲುವಂಗಿಗಳನ್ನು ತೊಡಿಸಿ, ಬಣ್ಣದ ದೀಪಗಳ ಕೆಳಗೆ ನಿಲ್ಲಿಸಿ, ಮುದ್ರಿತ ವಾದ್ಯಸಂಗೀತಕ್ಕೆ ಸರಿಯಾಗಿ ಏಕೆ ಹಾಡಿಸಬಾರದು ಎಂಬುದು ಇವರ ಪ್ರಶ್ನೆ. ಅದರ ವೆಚ್ಚವನ್ನು ತಾವೇ ಭರಿಸುವುದಾಗಿಯೂ ಉದಾರವಾಗಿ ತಿಳಿಸಿರುತ್ತಾರೆ.

ಇದೇ ಕಾಲದಲ್ಲಿ ಪೋಷಕರಲ್ಲಿ ಕೆಲವರಿಂದ ಇನ್ನೊಂದು ಬೇಡಿಕೆಯೂ ಬಂದಿರುತ್ತದೆ. ಒಂಬತ್ತನೆಯ ಮತ್ತು ಹತ್ತನೆಯ ತರಗತಿಗಳ ಮಕ್ಕಳಿಗೆ ಸಂಗೀತದ ತಾಸಿನಿಂದಲೂ ಕ್ರಿಸ್ಮಸ್ ಕೂಟದ ಅಭ್ಯಾಸದಿಂದಲೂ ವಿನಾಯಿತಿ ಕೊಡಬೇಕು, ಪರೀಕ್ಷೆ ಹತ್ತಿರವಾಗುತ್ತಿದೆ, ಹಾಡಿನಿಂದ ಅಂಕಗಳು ಬರುವುದಿಲ್ಲ ಎಂದು ಅವರು ಬರೆಯುತ್ತಾರೆ.

ಈ ಎರಡು ಬೇಡಿಕೆಗಳು ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ತೋರಿದರೂ ಅವುಗಳ ಬೇರು ಒಂದೇ ಎಂದು ನಾವು ಭಾವಿಸುತ್ತೇವೆ. ಹಾಡುವುದು ವರ ಪಡೆದ ಕೆಲವರ ಕೆಲಸ, ಉಳಿದವರು ಕುಳಿತು ಕೇಳತಕ್ಕವರು ಎಂಬ ಭಾವನೆಯೇ ಆ ಬೇರು. ಆದುದರಿಂದ ಈ ಐರಿಷ್ ಗಾಯಕಿಯರ ವಿಷಯವನ್ನೇ ತೆಗೆದುಕೊಂಡು, ಅವರಿಂದ ನಾವು ಕಲಿಯತಕ್ಕದ್ದೇನು, ಬಿಡತಕ್ಕದ್ದೇನು ಎಂಬುದನ್ನು ಈ ಸ್ಮರಣ ಸಂಚಿಕೆಯಲ್ಲಿ ವಿಚಾರಿಸುವುದು ಯುಕ್ತವೆಂದು ತೋರಿತು.

ಈ ಮೇಳವು 2004ನೆಯ ಇಸವಿಯಲ್ಲಿ ಡಬ್ಲಿನ್ ನಗರದ ಹೆಲಿಕ್ಸ್ ಎಂಬ ರಂಗಮಂದಿರದಲ್ಲಿ ಮೊದಲ ಕಚೇರಿಯನ್ನು ಮಾಡಿತು. ಲಿಸಾ ಕೆಲ್ಲಿ, ಮೇವ್, ಓರ್ಲಾ ಫ್ಯಾಲನ್, ಕ್ಲೋಯಿ ಆಗ್ನ್ಯೂ ಎಂಬ ನಾಲ್ವರು ಗಾಯಕಿಯರೂ, ಪಿಟೀಲು ನುಡಿಸುವ ಮರೇಡ್ ನೆಸ್ಬಿಟ್ ಎಂಬವರೂ ಅದರ ಮೊದಲಿಗರು. ಮುಂದಿನ ವರ್ಷ ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ ಆ ಕಚೇರಿಯು ಪ್ರಸಾರವಾಗಲು, ಅವರ ಹೆಸರು ಆ ದೇಶದಲ್ಲೆಲ್ಲಾ ಹರಡಿತು. ಅಂದಿನಿಂದ ಗಾಯಕಿಯರು ಎಷ್ಟೋ ಸಲ ಬದಲಾಗಿದ್ದಾರೆ. ಮೇಳವು ಮಾತ್ರ ಇಪ್ಪತ್ತು ವರ್ಷಗಳನ್ನು ದಾಟಿ ನಡೆದು ಬಂದಿದೆ. 2006ರಲ್ಲಿ ಒಂದು, 2012ರಲ್ಲಿ ಮತ್ತೊಂದು ಕ್ರಿಸ್ಮಸ್ ಗೀತಗಳ ಮುದ್ರಿಕೆಯನ್ನು ಹೊರತಂದರು. ಎರಡನೆಯದರ ಹೆಸರು ‘ಕ್ರಿಸ್ಮಸ್ಸಿಗೆ ಮನೆಗೆ’ ಎಂಬ ಅರ್ಥವುಳ್ಳದ್ದು. ಅದೇ ಹೆಸರಿನಲ್ಲಿ ಅಮೆರಿಕದ ನಗರಗಳನ್ನು ಸುತ್ತಿ, ಆಯಾ ಊರಿನ ವಾದ್ಯವೃಂದದವರೊಡನೆ ಕೂಡಿ ಕಚೇರಿಗಳನ್ನು ನಡೆಸಿದರು.

ಆ ಹೆಸರಿನ ಹಿಂದೆ ಒಂದು ದುಃಖವಿದೆ. 1845ರಿಂದ ಕೆಲವು ವರ್ಷಗಳ ಕಾಲ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಘೋರವಾದ ಕ್ಷಾಮವುಂಟಾಯಿತು. ಸುಮಾರು 10 ಲಕ್ಷ ಜನರು ಹಸಿವಿನಿಂದಲೂ ರೋಗದಿಂದಲೂ ಸತ್ತರು. ಅಷ್ಟೇ ಜನರು ಹಡಗು ಹತ್ತಿ ದೇಶ ಬಿಟ್ಟರು. ಅವರಲ್ಲಿ ಬಹುಮಂದಿ ಸೇರಿದ್ದು ಅಮೆರಿಕವನ್ನು. ಈ ಕಚೇರಿಗಳಿಗೆ ಹಣ ಕೊಟ್ಟು ಬಂದು ಕೂರುವವರಲ್ಲಿ ಹಲವರು ಅಂಥವರ ಮರಿಮಕ್ಕಳು. ಐರ್ಲೆಂಡಿನಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ಕಿಟಕಿಯಲ್ಲಿ ಮೇಣದ ಬತ್ತಿಯನ್ನು ಹಚ್ಚಿಡುವ ವಾಡಿಕೆಯುಂಟು. ತಂಗಲು ಸ್ಥಳವಿಲ್ಲದೆ ಅಲೆದ ಮರಿಯ ಯೋಸೇಫರಿಗೂ, ದಾರಿ ತಪ್ಪಿದ ಯಾವ ಪರದೇಶಿಗೂ ಈ ಮನೆಯ ಬಾಗಿಲು ತೆರೆದಿದೆಯೆಂಬುದು ಅದರ ತಾತ್ಪರ್ಯ. ಮನೆಯನ್ನು ಕಳೆದುಕೊಂಡವರ ಸಂತತಿಗೆ ಮನೆಯ ಹಾಡು ಎಷ್ಟು ಪ್ರಿಯವೆಂಬುದನ್ನು, ಮುಂಬಯಿಯಲ್ಲಿಯೂ ಕೊಲ್ಲಿ ದೇಶಗಳಲ್ಲಿಯೂ ಮಕ್ಕಳನ್ನಿಟ್ಟುಕೊಂಡಿರುವ ನಮ್ಮ ತಾಯಂದಿರಿಗೆ ನಾವು ವಿವರಿಸಿ ಹೇಳಬೇಕಾದುದಿಲ್ಲ.

ಇನ್ನು ಅವರು ಹಾಡುವುದೇನೆಂಬುದನ್ನು ನೋಡೋಣ. 2006ರ ಮುದ್ರಿಕೆಯಲ್ಲಿ ಲೋಕವೆಲ್ಲಾ ಬಲ್ಲ ಹಾಡುಗಳಿವೆ. ಫ್ರಾನ್ಸ್ ದೇಶದಿಂದ ಬಂದ ‘ಓ ಹೋಲಿ ನೈಟ್’ ಇದೆ. ಉಕ್ರೇನಿನ ಜಾನಪದ ಧಾಟಿಯಿಂದ ಹುಟ್ಟಿದ ‘ಕ್ಯಾರಲ್ ಆಫ್ ದಿ ಬೆಲ್ಸ್’ ಇದೆ. ಲ್ಯಾಟಿನ್ ಭಾಷೆಯ ‘ಪಾನಿಸ್ ಆಂಜೆಲಿಕುಸ್’ ಇದೆ. ಹಿಮ ಬೀಳುವುದನ್ನು ಹೊಗಳುವ ಲೌಕಿಕ ಹಾಡುಗಳೂ ಇವೆ. ಇವುಗಳ ನಡುವೆ ‘ವೆಕ್ಸ್‌ಫರ್ಡ್ ಕ್ಯಾರಲ್’ ಎಂಬ ಐರ್ಲೆಂಡಿನ ಹಳೆಯ ಗೀತವೊಂದು ಸ್ಥಾನ ಪಡೆದಿದೆ.

ಈ ಗೀತದ ಚರಿತ್ರೆಯನ್ನು ನಮ್ಮ ಓದುಗರು ತಿಳಿಯಬೇಕು. ವೆಕ್ಸ್‌ಫರ್ಡ್ ಜಿಲ್ಲೆಯ ಎನಿಸ್ಕಾರ್ತಿ ಎಂಬ ಊರಿನ ದೇವಾಲಯದಲ್ಲಿ ಗ್ರಾಟನ್ ಫ್ಲಡ್ ಎಂಬವರು ಆರ್ಗನ್ ವಾದಕರಾಗಿದ್ದರು. ಅವರು ಆ ಸೀಮೆಯ ಜನರ ಬಾಯಿಂದ ಇದನ್ನು ಕೇಳಿ ಸ್ವರಸಹಿತ ಬರೆದಿಟ್ಟುಕೊಂಡರು. 1928ರಲ್ಲಿ ‘ಆಕ್ಸ್‌ಫರ್ಡ್ ಬುಕ್ ಆಫ್ ಕ್ಯಾರಲ್ಸ್’ ಎಂಬ ಸಂಗ್ರಹದಲ್ಲಿ ಅದು ಅಚ್ಚಾಯಿತು. ಅವರು ಬರೆದಿಡದೆ ಹೋಗಿದ್ದರೆ, ಹಳ್ಳಿಯ ಮುದುಕರೊಂದಿಗೆ ಆ ಹಾಡೂ ಮಣ್ಣು ಸೇರುವ ಸಂಭವವಿತ್ತು. ಇಂದು ಅದು ಸಾವಿರಾರು ಜನರು ಕೂರುವ ಮಂದಿರಗಳಲ್ಲಿ ಕೇಳಿಬರುತ್ತದೆ.

ಅದೇ ಜಿಲ್ಲೆಯಲ್ಲಿ ಕಿಲ್ಮೋರ್ ಎಂಬ ಇನ್ನೊಂದು ಹಳ್ಳಿಯಿದೆ. ಅಲ್ಲಿ ಕ್ರಿಸ್ಮಸ್ ದಿನಗಳ ಆರಾಧನೆಯಲ್ಲಿ ಆರು ಮಂದಿ ಗಂಡಸರು, ಮೂವರು ಒಂದು ಕಡೆ, ಮೂವರು ಒಂದು ಕಡೆಯಾಗಿ ನಿಂತು, ಯಾವ ವಾದ್ಯವೂ ಇಲ್ಲದೆ, ಒಂದೊಂದು ನುಡಿಯನ್ನು ಸರದಿಯಂತೆ ಹಾಡುತ್ತಾರೆ. ಆ ಪದ್ಯಗಳಲ್ಲಿ ಕೆಲವು ಲೂಕ್ ವಾಡಿಂಗ್ ಎಂಬ ಬಿಷಪರವು. ಸ್ವದೇಶದಲ್ಲಿ ಕಥೋಲಿಕರಿಗೆ ನಿರ್ಬಂಧಗಳಿದ್ದ ಕಾಲವಾದುದರಿಂದ 1684ರಲ್ಲಿ ಬೆಲ್ಜಿಯಮ್ಮಿನ ಗೆಂಟ್ ನಗರದಲ್ಲಿ ಅಚ್ಚಾದವು. ಅಲ್ಲಿ ದೀಪಾಲಂಕಾರವಿಲ್ಲ, ಪ್ರವೇಶಪತ್ರವಿಲ್ಲ. ತಂದೆಯಿಂದ ಮಗನೂ ಹಿರಿಯನಿಂದ ಕಿರಿಯನೂ ಕಲಿತು ಮುನ್ನೂರು ವರ್ಷಗಳಿಗೆ ಹತ್ತಿರವಾಗಿ ಅದನ್ನು ಬಿಡದೆ ನಡೆಸಿಕೊಂಡು ಬಂದಿದ್ದಾರೆ. ದೊಡ್ಡ ಕಚೇರಿಯ ಹೊಳೆಗೆ ನೀರು ಬರುವುದು ಇಂಥ ಸಣ್ಣ ಊಟೆಗಳಿಂದ. ಊಟೆ ಬತ್ತಿದರೆ ಹೊಳೆಯೂ ಬತ್ತುವುದು.

ದೇವರ ಗೀತವನ್ನು ರಂಗಮಂದಿರಕ್ಕೆ ತಂದು ಹಣಕ್ಕೆ ಹಾಡುವುದೇ ತಪ್ಪಲ್ಲವೇ ಎಂದು ನಮ್ಮ ಸಭೆಯ ಹಿರಿಯರಲ್ಲಿ ಕೆಲವರು ಕೇಳಬಹುದು. ಈ ಪ್ರಶ್ನೆ ಹೊಸದಲ್ಲ. ಡಬ್ಲಿನ್ ನಗರದಲ್ಲಿಯೇ ಇದು ಒಮ್ಮೆ ಎದ್ದಿತ್ತು. ಹ್ಯಾಂಡೆಲನ ‘ಮೆಸ್ಸೈಯ’ ಎಂಬ ಮಹಾಗೀತವು ಮೊಟ್ಟಮೊದಲು ಹಾಡಲ್ಪಟ್ಟದ್ದು 1742ನೆಯ ಇಸವಿ ಏಪ್ರಿಲ್ 13ರಂದು, ಆ ನಗರದ ಫಿಶಾಂಬಲ್ ಬೀದಿಯ ಸಂಗೀತಶಾಲೆಯಲ್ಲಿ. ಸಂತ ಪ್ಯಾಟ್ರಿಕ್ ದೇವಾಲಯದ ಮುಖ್ಯಾಧಿಕಾರಿಯಾಗಿದ್ದ ಪ್ರಖ್ಯಾತ ಗ್ರಂಥಕರ್ತ ಜೊನಾಥನ್ ಸ್ವಿಫ್ಟನು, ತನ್ನ ದೇವಾಲಯದ ಗಾಯಕರು ಅಂಥ ಸ್ಥಳದಲ್ಲಿ ಹಾಡಕೂಡದೆಂದು ಆ ವರ್ಷದ ಆರಂಭದಲ್ಲಿ ಕಟ್ಟಪ್ಪಣೆ ಮಾಡಿದ್ದನು. ಆದರೂ ಕಡೆಗೆ ನಗರದ ಎರಡು ದೇವಾಲಯಗಳ ಗಾಯಕರೂ ಕೂಡಿ ಹಾಡಿದರು. ಹೆಚ್ಚು ಜನರಿಗೆ ಸ್ಥಳವಾಗಲೆಂದು ಸ್ತ್ರೀಯರು ಅಗಲವಾದ ಬಳೆಯ ಲಂಗಗಳನ್ನೂ ಗಂಡಸರು ಕತ್ತಿಗಳನ್ನೂ ಬಿಟ್ಟು ಬರಬೇಕೆಂದು ಕೇಳಿಕೊಂಡಿದ್ದರು. ಬಂದ ಹಣವು ಎರಡು ಆಸ್ಪತ್ರೆಗಳಿಗೂ, ಸಾಲ ತೀರಿಸಲಾರದೆ ಸೆರೆಯಲ್ಲಿದ್ದವರಿಗೂ ಹಂಚಲ್ಪಟ್ಟಿತು. 142 ಮಂದಿ ಸೆರೆಯಾಳುಗಳು ಬಿಡುಗಡೆ ಹೊಂದಿದರೆಂದು ಹೇಳಲ್ಪಟ್ಟಿದೆ. ಬಡವನ ಸೆರೆಯನ್ನು ಬಿಡಿಸಿದ ಹಾಡು ದೇವಾಲಯದ ಹೊರಗೆ ಹಾಡಿದುದಾದ ಮಾತ್ರಕ್ಕೆ ಅಪವಿತ್ರವಾಯಿತೆಂದು ಯಾರು ಹೇಳಬಲ್ಲರು? ಸ್ಥಳದಿಂದ ಗೀತಕ್ಕೆ ಮೈಲಿಗೆಯಿಲ್ಲ. ಹಾಡುವವರ ಉದ್ದೇಶವೇನು, ಕೇಳಿದವರು ಹೊರಗೆ ಬಂದು ಮಾಡುವುದೇನು ಎಂಬುದರಲ್ಲಿ ಅದರ ಪರೀಕ್ಷೆಯಿದೆ.

ಹೆಣ್ಣುಮಕ್ಕಳು ರಂಗದ ಮೇಲೆ ನಿಂತು ಹಾಡುವುದು ಮರ್ಯಾದೆಯೇ ಎಂಬ ಸಂಶಯವೂ ಕೆಲವು ಮನೆಗಳಲ್ಲಿ ಇನ್ನೂ ಉಂಟೆಂದು ನಾವು ಬಲ್ಲೆವು. ನಮ್ಮ ದೇಶದಲ್ಲಿ ಹಾಡುವ ಹೆಂಗಸನ್ನು ಕೀಳಾಗಿ ನೋಡಿದ ಕಾಲವಿತ್ತು. ಯೂರೋಪಿನಲ್ಲಿಯೂ ಅಂಥ ಕಾಲವಿತ್ತು. ಆದರೆ ಈ ಐರಿಷ್ ಸ್ತ್ರೀಯರನ್ನು ನೋಡಿರಿ. ಮೇವ್ ಎಂಬವರು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ನ್ಯಾಯಶಾಸ್ತ್ರದ ಪದವಿಯನ್ನು ಪಡೆದವರು. ಓರ್ಲಾ ಫ್ಯಾಲನ್ ಹಾಡುವುದರ ಜೊತೆಗೆ ತನ್ನ ದೇಶದ ಲಾಂಛನವೇ ಆಗಿರುವ ಹಾರ್ಪ್ ವಾದ್ಯವನ್ನು ನುಡಿಸಬಲ್ಲವರು. ಕ್ಲೋಯಿ ಆಗ್ನ್ಯೂ ಮೇಳವನ್ನು ಸೇರಿದಾಗ ಹದಿನೈದು ವರ್ಷದ ಬಾಲಿಕೆ, ಅಂದರೆ ನಮ್ಮ ಹತ್ತನೆಯ ತರಗತಿಯ ಮಕ್ಕಳ ವಯಸ್ಸಿನವರು. ವಿದ್ಯೆಯೂ ಹಾಡೂ ಒಂದರ ಬಾಯಿಂದ ಮತ್ತೊಂದು ಅನ್ನ ಕಸಿದುಕೊಳ್ಳುವ ಸವತಿಯರಲ್ಲ; ಒಂದೇ ಮನೆಯ ಅಕ್ಕತಂಗಿಯರು. ದಿನವೂ ಒಂದು ತಾಸು ಉಸಿರನ್ನು ಹಿಡಿತದಲ್ಲಿಟ್ಟು, ಪಕ್ಕದವಳ ಸ್ವರಕ್ಕೆ ಕಿವಿಗೊಟ್ಟು, ತಾಳ ತಪ್ಪದೆ ಹಾಡಲು ಕಲಿತ ಹುಡುಗಿಗೆ ಗಣಿತದ ಲೆಕ್ಕದ ಮುಂದೆ ಕುಳಿತಾಗ ಮನಸ್ಸು ನಿಲ್ಲುವುದೆಂಬುದು ನಾವು ತರಗತಿಗಳಲ್ಲಿ ಕಂಡುಕೊಂಡ ಮಾತು.

ನಮ್ಮಂಥ ಶಾಲೆಗಳಿಗೂ ಕ್ರಿಸ್ಮಸ್ ಗೀತಗಳಿಗೂ ಇರುವ ನಂಟು ಸಣ್ಣದಲ್ಲ. ಮೇಲೆ ಹೇಳಿದ ಮುದ್ರಿಕೆಯಲ್ಲಿ ‘ದಿ ಲಿಟ್ಲ್ ಡ್ರಮ್ಮರ್ ಬಾಯ್’ ಎಂಬ ಹಾಡಿದೆ. ಶಿಶುವಿಗೆ ಕಾಣಿಕೆ ಕೊಡಲು ಏನೂ ಇಲ್ಲದ ಬಡ ಹುಡುಗನು ತನ್ನ ತಮಟೆಯನ್ನೇ ನುಡಿಸಿದನೆಂಬುದು ಅದರ ವಸ್ತು. 1941ರಲ್ಲಿ ಅದನ್ನು ರಚಿಸಿದ ಕ್ಯಾಥರಿನ್ ಡೇವಿಸ್ ಎಂಬವರು ಅಮೆರಿಕದ ಹೆಣ್ಣುಮಕ್ಕಳ ಶಾಲೆಗಳಲ್ಲಿ ಸಂಗೀತದ ಉಪಾಧ್ಯಾಯಿನಿಯಾಗಿದ್ದವರು. ಕ್ರಿಸ್ತಿನಾ ರೊಸೆಟ್ಟಿ ಎಂಬ ಕವಯಿತ್ರಿಯ ಕ್ರಿಸ್ಮಸ್ ಪದ್ಯಕ್ಕೆ 1906ರಲ್ಲಿ ಪ್ರಸಿದ್ಧವಾದ ಧಾಟಿಯನ್ನು ಕಟ್ಟಿದ ಗುಸ್ತಾವ್ ಹೋಲ್ಸ್ಟ್ ಎಂಬವರು ಲಂಡನ್ ನಗರದ ಸಂತ ಪೌಲ ಬಾಲಿಕಾ ಪಾಠಶಾಲೆಯಲ್ಲಿ 1905ರಿಂದ ತಮ್ಮ ಮರಣದ ತನಕ ಸಂಗೀತ ಕಲಿಸಿದರು. ಡಬ್ಲಿನ್ನಿನಲ್ಲಿ ಹುಟ್ಟಿದ ಶ್ರೀಮತಿ ಅಲೆಕ್ಸಾಂಡರ್ ಎಂಬವರು 1848ರಲ್ಲಿ ಚಿಕ್ಕ ಮಕ್ಕಳಿಗೋಸ್ಕರ ಬರೆದ ಗೀತಪುಸ್ತಕದಲ್ಲಿಯೇ ‘ಒನ್ಸ್ ಇನ್ ರಾಯಲ್ ಡೇವಿಡ್ಸ್ ಸಿಟಿ’ ಎಂಬ ಗೀತವಿದ್ದುದು. ದೊಡ್ಡ ಮೇಳಗಳು ಹಾಡಿ ಹೆಸರು ಪಡೆಯುವ ಗೀತಗಳಲ್ಲಿ ಎಷ್ಟೋ ಮಕ್ಕಳಿಗಾಗಿ, ಮಕ್ಕಳಿಗೆ ಕಲಿಸುವವರ ಕೈಯಿಂದಲೇ ಹುಟ್ಟಿದವು.

ಐರ್ಲೆಂಡಿನ ಸಂಗೀತಗಾರ್ತಿಯೊಬ್ಬರು ನಮ್ಮ ಕನ್ನಡ ಕರಾವಳಿಯಲ್ಲಿಯೇ ಬಾಲಿಕೆಯರ ಶಾಲೆಯನ್ನು ನಡೆಸಿದ್ದರೆಂದು ಹೇಳಿದರೆ ನಮ್ಮ ಓದುಗರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಅವರೇ ಮಾರ್ಗರೆಟ್ ಕಸಿನ್ಸ್. 1902ರಲ್ಲಿ ಐರ್ಲೆಂಡಿನ ವಿಶ್ವವಿದ್ಯಾನಿಲಯದಿಂದ ಸಂಗೀತದ ಪದವಿಯನ್ನು ಪಡೆದು, ಸ್ತ್ರೀಯರ ಮತದಾನದ ಹಕ್ಕಿಗಾಗಿ ಸೆರೆಮನೆಯನ್ನೂ ಕಂಡು, 1915ರಲ್ಲಿ ಹಿಂದೂದೇಶಕ್ಕೆ ಬಂದರು. 1919–20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿಯಾಗಿದ್ದರು. ಅದೇ 1919ರ ಆರಂಭದಲ್ಲಿ ಮದನಪಲ್ಲಿಯಲ್ಲಿ ರವೀಂದ್ರನಾಥ ಠಾಕೂರರು ‘ಜನ ಗಣ ಮನ’ವನ್ನು ಹಾಡಿ ತೋರಿಸಿದಾಗ, ಅದರ ಧಾಟಿಯನ್ನು ಸ್ವರಲಿಪಿಯಲ್ಲಿ ಹಿಡಿದಿಟ್ಟವರು ಇವರೇ. ಅವರು ನಮ್ಮ ಮಿಶನ್ನಿಗೆ ಸೇರಿದವರಲ್ಲ, ಥಿಯಾಸಫಿ ಪಂಥದವರು. ಆದರೂ ಅವರ ಕೆಲಸದಿಂದ ಮಿಶನ್ ಶಾಲೆಗಳು ಕಲಿಯತಕ್ಕದ್ದು ಬಹಳವಿದೆ. ತನ್ನ ನಾಡಿನ ಹಾಡನ್ನು ಪ್ರೀತಿಸಿದವರಾದುದರಿಂದಲೇ ಪರನಾಡಿನ ಹಾಡನ್ನು ಅವರು ಗೌರವದಿಂದ ಕೇಳಿ ಬರೆದುಕೊಳ್ಳಬಲ್ಲವರಾದರು.

ಇಲ್ಲಿ ನಾವು ಭಾಷೆಯ ಮಾತಿಗೆ ಬರುತ್ತೇವೆ. ಐರಿಷ್ ಭಾಷೆಯು ಶತಮಾನಗಳಿಂದ ಕ್ಷೀಣಿಸುತ್ತಾ ಬಂತು. 1831ರಲ್ಲಿ ಆರಂಭವಾದ ಸರಕಾರಿ ಶಾಲೆಗಳು ಇಂಗ್ಲಿಷಿನಲ್ಲಿಯೇ ಪಾಠ ಹೇಳಿದವು. ಮಕ್ಕಳ ಕೊರಳಿಗೆ ಕೋಲೊಂದನ್ನು ಕಟ್ಟಿ, ತಾಯ್ನುಡಿಯ ಮಾತಾಡಿದಾಗಲೆಲ್ಲಾ ಅದಕ್ಕೊಂದು ಗೆರೆ ಕೆತ್ತಿ, ದಿನದ ಕೊನೆಗೆ ಗೆರೆಗಳನ್ನು ಎಣಿಸಿ ಶಿಕ್ಷಿಸುವ ಪದ್ಧತಿಯೂ ಇತ್ತು. ಇದಕ್ಕೆ ತಾಯ್ತಂದೆಗಳೇ ಒಪ್ಪುತ್ತಿದ್ದರೆಂಬುದು ವಿಷಾದದ ಸಂಗತಿ. ಮಕ್ಕಳು ಇಂಗ್ಲಿಷು ಕಲಿತು ಮುಂದಕ್ಕೆ ಬರಲೆಂಬುದೇ ಅವರ ಆಸೆ. ಸ್ವತಂತ್ರವಾದ ಮೇಲೆ ಆ ದೇಶವು ತನ್ನ ಭಾಷೆಗೆ ಮೊದಲ ಸ್ಥಾನವನ್ನು ಕೊಟ್ಟು ಶಾಲೆಗಳಲ್ಲಿ ಕಲಿಸುತ್ತಿದೆ. 2022ರ ಜನಗಣತಿಯಲ್ಲಿ 18 ಲಕ್ಷಕ್ಕೂ ಮಿಕ್ಕಿದ ಜನರು ಐರಿಷ್ ಮಾತಾಡಬಲ್ಲೆವೆಂದು ಬರೆಸಿದರೂ, ಶಾಲೆಯ ಹೊರಗೆ ದಿನವೂ ಅದನ್ನು ಆಡುವವರು ಸುಮಾರು 72,000 ಮಾತ್ರ. ಪಾಠದಲ್ಲಿ ಉಳಿದು ಮನೆಯಲ್ಲಿ ಅಳಿದ ಭಾಷೆಯನ್ನು ಮತ್ತೆ ನಾಲಿಗೆಗೆ ತರುವುದು ಎಷ್ಟು ಕಷ್ಟವೆಂದು ಈ ಅಂಕಿಗಳೇ ಹೇಳುತ್ತವೆ. ಅಂಥ ಭಾಷೆಯ ಹಾಡುಗಳನ್ನು ಈ ಗಾಯಕಿಯರು, ಒಂದು ಮಾತೂ ಅರ್ಥವಾಗದ ಪರದೇಶಿಗಳ ಮುಂದೆಯೂ ಸಂಕೋಚವಿಲ್ಲದೆ ಹಾಡುತ್ತಾರೆ. ಕೇಳುವವರು ಅದಕ್ಕಾಗಿ ಎದ್ದು ಹೋಗುವುದಿಲ್ಲ.

ನಮ್ಮ ಸ್ಥಿತಿ ಹೇಗಿದೆ? ಬಾಸೆಲ್ ಮಿಶನ್ನಿನ ದೇವಸೇವಕರು ಜರ್ಮನಿಯಿಂದ ಬಂದು ಮೊದಲು ಕಲಿತದ್ದು ನಮ್ಮ ಜನರ ಭಾಷೆಯನ್ನು. ತಮ್ಮ ಊರಿನ ಧಾಟಿಗಳಿಗೆ ಕನ್ನಡದ ಮಾತುಗಳನ್ನು ಕೂಡಿಸಿ ಸಭೆಗೆ ಗೀತಗಳನ್ನು ಕೊಟ್ಟರು. ನಿಘಂಟಿನಿಂದ ಪ್ರಸಿದ್ಧರಾದ ಕಿಟ್ಟೆಲರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, 1862ರಲ್ಲಿ ಅಚ್ಚಾದ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಪದ್ಯಗಳಲ್ಲಿಯೇ ಹೇಳಿದರು. ಪರದೇಶಿಯರು ನಮ್ಮ ನುಡಿಗೆ ತೋರಿದ ಈ ಆದರವನ್ನು ನಾವೇ ತೋರದಿದ್ದರೆ ಹೇಗೆ? ನಮ್ಮ ಅಜ್ಜಿಯಂದಿರು ಕ್ರಿಸ್ಮಸ್ ರಾತ್ರಿ ಕಂದೀಲು ಹಿಡಿದು ಮನೆಮನೆಗೆ ಹೋಗಿ ಹಾಡಿದ ಕನ್ನಡ ಗೀತಗಳಲ್ಲಿ ಎಷ್ಟನ್ನು ಇಂದಿನ ಮಕ್ಕಳು ಪುಸ್ತಕವಿಲ್ಲದೆ ಹಾಡಬಲ್ಲರು? ನಮ್ಮ ನಾಡಿನಲ್ಲಿ ಎಂದೂ ಬೀಳದ ಹಿಮದ ಮೇಲಿನ ಇಂಗ್ಲಿಷ್ ಹಾಡು ಎಲ್ಲರಿಗೂ ಕಂಠಪಾಠವಿದೆ. ಅದನ್ನು ಹಾಡಬಾರದೆಂದು ನಾವು ಹೇಳುವುದಿಲ್ಲ, ಐರ್ಲೆಂಡಿನವರೂ ಹಾಡುತ್ತಾರೆ. ಅದೊಂದನ್ನೇ ಹಾಡುವುದು ದಾರಿದ್ರ್ಯವೆಂದು ಮಾತ್ರ ಹೇಳುತ್ತೇವೆ.

ಆದುದರಿಂದ ಸಲಹೆ ಮಾಡಿದ ಪೂರ್ವ ವಿದ್ಯಾರ್ಥಿನಿಯರಿಗೆ ನಮ್ಮ ಉತ್ತರವಿದು. ನಿಮ್ಮ ಔದಾರ್ಯಕ್ಕೆ ಶಾಲೆಯು ಕೃತಜ್ಞವಾಗಿದೆ. ಆದರೆ ಆ ಮೇಳದ ನಿಲುವಂಗಿಯನ್ನೂ ದೀಪಗಳನ್ನೂ ಅನುಕರಿಸುವುದಕ್ಕಿಂತ, ಅದರ ಶ್ರಮವನ್ನೂ ಸ್ವಾಭಿಮಾನವನ್ನೂ ಅನುಕರಿಸುವುದು ಲೇಸು. ಅವರು ಕಸುಬಿನವರು, ನಾಲ್ವರು ಹಾಡಿ ಸಾವಿರ ಮಂದಿ ಕೇಳುವುದು ಅವರಿಗೆ ಸಲ್ಲುತ್ತದೆ. ಶಾಲೆಗೆ ಅದು ಸಲ್ಲದು. ನಾಲ್ವರನ್ನು ಆರಿಸಿದಾಗ ಉಳಿದ ಮಕ್ಕಳಿಗೆ ‘ನಿನಗೆ ದನಿಯಿಲ್ಲ’ ಎಂದು ಹೇಳಿದಂತಾಗುತ್ತದೆ. ಹೀಗೆ ಬಾಲ್ಯದಲ್ಲಿ ಒಮ್ಮೆ ಬಾಯಿ ಮುಚ್ಚಿದ ಹುಡುಗಿ ತಾಯಿಯಾದ ಮೇಲೆ ತನ್ನ ಕೂಸಿಗೂ ಹಾಡುವುದಿಲ್ಲ. ಮುದ್ರಿತ ವಾದ್ಯದ ಬದಲು ನಮ್ಮ ಹಳೆಯ ಹಾರ್ಮೋನಿಯಂ ಸಾಕು. ನೀವು ಕೊಡುವ ಹಣದಿಂದ ಪಿಯಾನೋವನ್ನು ರಿಪೇರಿ ಮಾಡಿಸಿ, ಕೆಲವು ಪಿಟೀಲುಗಳನ್ನು ಕೊಂಡು, ವಾರಕ್ಕೆ ಎರಡು ದಿನ ಬಂದು ಕಲಿಸುವ ಸಂಗೀತದ ಉಪಾಧ್ಯಾಯಿನಿಯೊಬ್ಬರಿಗೆ ಸಂಬಳ ಕೊಡೋಣ.

ಪೋಷಕರಿಗೆ ನಮ್ಮ ಉತ್ತರವೂ ಇದಕ್ಕೆ ಸೇರಿದ್ದೇ. ಹತ್ತನೆಯ ತರಗತಿಯ ಮಕ್ಕಳಿಗೂ ವಾರಕ್ಕೆ ಎರಡು ತಾಸು ಸಂಗೀತವು ಇದ್ದೇ ಇರುವುದು. ಕ್ರಿಸ್ಮಸ್ ಕೂಟದ ಅಭ್ಯಾಸವು ಆ ತಾಸುಗಳನ್ನು ಮೀರದಂತೆ ನೋಡಿಕೊಳ್ಳುವ ಹೊಣೆ ನಮ್ಮದು. ಕ್ರೈಸ್ತರಲ್ಲದ ಮನೆಗಳ ಮಕ್ಕಳನ್ನು ಅವರ ತಾಯ್ತಂದೆಗಳ ಇಷ್ಟಕ್ಕೆ ವಿರೋಧವಾಗಿ ಹಾಡಿಸುವುದಿಲ್ಲ. ಹಾಡಬಯಸುವ ಯಾರನ್ನೂ ದನಿ ಸಾಲದೆಂದು ಹಿಂದಕ್ಕೆ ಕಳುಹಿಸುವುದೂ ಇಲ್ಲ.

ಕೂಟದ ಮೊದಲರ್ಧವು ಕನ್ನಡ ಗೀತಗಳಿಗೆ ಮೀಸಲು. ಅದಕ್ಕಾಗಿ ನಿಮ್ಮೆಲ್ಲರ ಸಹಾಯ ಬೇಕು. ನಿಮ್ಮ ತಾಯಿಯೋ ಅಜ್ಜಿಯೋ ಹಾಡುತ್ತಿದ್ದ ಕ್ರಿಸ್ಮಸ್ ಹಾಡು ನೆನಪಿದ್ದರೆ, ಅದು ಕನ್ನಡದ್ದಾಗಲಿ, ತುಳುವಿನದ್ದಾಗಲಿ, ಕೊಂಕಣಿಯದ್ದಾಗಲಿ, ಮಾತುಗಳನ್ನು ಬರೆದು, ಧಾಟಿಯನ್ನು ಹಾಡಿ ಧ್ವನಿಮುದ್ರಿಸಿ ಶಾಲೆಗೆ ಕಳುಹಿಸಿರಿ. ಎನಿಸ್ಕಾರ್ತಿಯ ಆರ್ಗನ್ ವಾದಕರು ಒಬ್ಬರೇ ಮಾಡಿದ ಕೆಲಸವನ್ನು ನಾವು ಇಷ್ಟು ಮಂದಿ ಕೂಡಿ ಮಾಡಲಾರೆವೇ? ಕೂಟದ ದಿನ ಬಂದ ಕಾಣಿಕೆಯನ್ನು, ಡಬ್ಲಿನ್ನಿನವರು 1742ರಲ್ಲಿ ತೋರಿದ ದಾರಿಯಂತೆ, ಆಸ್ಪತ್ರೆಯ ಬಡ ರೋಗಿಗಳಿಗೆ ಕೊಡುವುದೆಂದು ನಿಶ್ಚಯಿಸಿದ್ದೇವೆ.

ಲೂಕನ ಸುವಾರ್ತೆಯಲ್ಲಿ ದೇವದೂತರ ಗಾನಕ್ಕಿಂತ ಮೊದಲು ಬರುವುದು ಮರಿಯಳ ಸ್ತುತಿಗೀತ. ಆಕೆಯನ್ನು ಯಾವ ಕಚೇರಿಗೂ ಯಾರೂ ಆರಿಸಿರಲಿಲ್ಲ. ಬೆಟ್ಟದ ಸೀಮೆಯಲ್ಲಿ ಬಂಧುವೊಬ್ಬಳ ಮನೆಗೆ ಬಂದ ಹಳ್ಳಿಯ ಕನ್ಯೆಯಾಗಿ, ಹೃದಯ ತುಂಬಿ ಬಂದುದರಿಂದ ದೇವರನ್ನು ಕೊಂಡಾಡಿದಳು. ನಮ್ಮ ಶಾಲೆಯಿಂದ ಹೊರಡುವ ಪ್ರತಿಯೊಬ್ಬ ಬಾಲಿಕೆಗೂ, ಹೃದಯ ತುಂಬಿದಾಗ ತೆರೆಯುವ ಬಾಯಿಯನ್ನೂ, ಬಾಯಿಗೆ ಒದಗುವ ತಾಯ್ನುಡಿಯ ಗೀತವನ್ನೂ ಕೊಟ್ಟು ಕಳುಹಿಸಲು ಕರ್ತನು ನಮಗೆ ಶಕ್ತಿಯನ್ನು ಅನುಗ್ರಹಿಸಲಿ.